ನಾದಿನಿಯ ಟೀ

ಎರಡೂ ಎಕ್ಕ! ಪೋಕರಿನಲ್ಲಿ ಕೈಗೆ ಬರುವ ಮೊದಲ ಎರಡೆಲೆ ಇದಕ್ಕಿಂತ ಚೆನ್ನಾಗಿರಲು ಸಾಧ್ಯವಿಲ್ಲ. ದರ್ಜಿ ಅವನ್ನು ಮಗುಚಿಟ್ಟು, ಲೋಟವನ್ನು ತುಟಿಗಿಟ್ಟು ಸೊರ್ರೆಂದು ಹೀರಿದಳು. ಎದುರಿಗೆ ಕೂತಿದ್ದ ಅಕ್ಕನ ಗಂಡ ಆ ಸದ್ದು ಕೇಳಿ ಮೀಸೆಯಡಿಯಲ್ಲೇ ನಕ್ಕ.

"ನಮ್ಮ ನಾದಿನಿಗೆ ಒಳ್ಳೆ ಎಲೆ ಬಂದ್ರೆ ಟೀ ಗಂಟಲಲ್ಲಿ ಇಳಿಯಲ್ಲ" ಎಂದು ಅವನು ನೆಂಟರಿಷ್ಟರ ಮುಂದೆಲ್ಲ ಆಡಿಕೊಂಡಿದ್ದ. ಆ ಗುಟ್ಟು ಹಿಡಿದೇ ಹೋದ ವರ್ಷ ಅವಳ ಅಪ್ಪನ ಕತ್ತರಿಯನ್ನು ಗೆದ್ದುಕೊಂಡಿದ್ದ. ಅಪ್ಪ ರೇಷ್ಮೆಗಲ್ಲದೆ ಬೇರೆ ಯಾವುದಕ್ಕೂ ಮುಟ್ಟಿಸದ ಆ ಕತ್ತರಿಯಲ್ಲಿ ಈ ಮಹರಾಯ ತನ್ನ ಅಂಗಡಿಯ ರಟ್ಟಿನ ಡಬ್ಬ ಕತ್ತರಿಸುತ್ತಿದ್ದ. ಅವಳ ಹೊಟ್ಟೆ ಉರಿಯುತ್ತಿದ್ದುದು ಅದಕ್ಕೇ.

"ನನ್ನ ಹೊಲಿಗೆ ಮಿಷನ್ನು ಪಣಕ್ಕಿಟ್ಟೆ. ನೀವು ಕತ್ತರಿ ಇಡಿ ಭಾವ." ಮತ್ತೆ ಸೊರ್ರೆಂದಳು.

"ಪಾಪ, ಮಿಷನ್ನೂ ಹೋಯ್ತಲ್ಲ!" ಅವನು ಗೋಡೆಯ ಮೊಳೆಯಿಂದ ಕತ್ತರಿ ತೆಗೆದು ಮೇಜಿನ ಮೇಲೆ ಕುಕ್ಕಿ, ತನ್ನೆರಡು ರಾಜರನ್ನು ಬಿಚ್ಚಿದ. ಅವಳು ಎಕ್ಕಗಳನ್ನು ತಿರುಗಿಸಿದಳು. ಆಮೇಲೆ ಇಬ್ಬರಿಗೂ ಸೇರಿದಂತೆ ಮೇಜಿನ ನಡುವೆ ಹಾಕಿದ ಐದೆಲೆಗಳಲ್ಲಿ ಒಂದೂ ಅವನ ಕೈಹಿಡಿಯಲಿಲ್ಲ.

"ಮತ್ತೆ... ಟೀ ಹೇಗೆ ಇಳೀತು?"

"ಟೀ ಎಲ್ಲಿತ್ತು ಭಾವ?"

ದರ್ಜಿ ಒಂದು ಕೈಯಲ್ಲಿ ಕತ್ತರಿ ಎತ್ತಿಕೊಂಡು, ಇನ್ನೊಂದರಲ್ಲಿ ಲೋಟವನ್ನು ಅವನ ರಾಜರ ಮೇಲೆ ಬೋರಲು ಹಿಡಿದಳು. ಒಂದು ಹನಿಯೂ ಬೀಳಲಿಲ್ಲ.