ಕಾಲೊನಿಯವರು

"ಹದಿಮೂರು ಕಾಲೊನಿಯವರು ಸೇರಿ ಇಂಗ್ಲೆಂಡಿನ ರಾಜನಿಗೆ ಹೇಳಿದರು, ಇನ್ನು ಮುಂದೆ ನಾವು ನಿನ್ನ ಮಾತು ಕೇಳುವುದಿಲ್ಲ ಅಂತ," ಎಂದಳು ನಿಶ್ಮಿತಾ, ಸೋಫಾದ ಮುಂದೆ ನೆಟ್ಟಗೆ ನಿಂತು. ಮನೆಗೆ ಬಂದಿದ್ದ ಯಜ್ಞೇಶ್ ಫಕ್ಕನೆ ನಕ್ಕುಬಿಟ್ಟ. ಅಡುಗೆಮನೆಯ ಬಾಗಿಲಲ್ಲಿದ್ದ ಅವಳ ಅಮ್ಮ ಅಪ್ಪಿಯ ಮುಖ ಕಪ್ಪಿಟ್ಟಿತು. ಸೋಫಾದಲ್ಲಿ ಕೂತಿದ್ದ ಅಪ್ಪ ತಾರಾನಾಥ ನೆಲ ನೋಡಿದ. ಹುಡುಗಿಗೆ ಮಾತ್ರ ಒಂದೂ ಅರ್ಥವಾಗಲಿಲ್ಲ.

ಬರುವ ಶುಕ್ರವಾರ ದೋಹಾದಲ್ಲಿರುವ ಊರಿನವರ ಸಂಘದಲ್ಲಿ ಮಕ್ಕಳ ಭಾಷಣ ಸ್ಪರ್ಧೆ. ವಿಷಯ ಸ್ವಾತಂತ್ರ್ಯ. ಉಳಿದ ಮಕ್ಕಳೆಲ್ಲ ಉಪ್ಪಿನ ಸತ್ಯಾಗ್ರಹದ ಬೆನ್ನು ಹತ್ತಿದರೆ ಇವಳು ಶಾಲೆಯಲ್ಲಿ ಓದಿದ ಅಮೆರಿಕದ ಕಥೆ ಹಿಡಿದಿದ್ದಳು. ದೋಹಾದಲ್ಲೇ ಹುಟ್ಟಿ ಬೆಳೆದವಳು. ಇಂಗ್ಲಿಷಿನಲ್ಲಿ ಕಲಿತದ್ದನ್ನು ಬಾಯಿಗೆ ಬಂದ ಕನ್ನಡದಲ್ಲಿ ಹೇಳುತ್ತಿದ್ದಳು. ಯಜ್ಞೇಶ್ ಅಲ್ ಸದ್ದ್‌ನ ಈ ಫ್ಲ್ಯಾಟಿಗೆ ಬಂದದ್ದೇ ಅದನ್ನು ತಿದ್ದಿಕೊಡಲಿಕ್ಕೆ. ಸಂಘದ ಕಾರ್ಯದರ್ಶಿ ಅವನೇ, ವೆಸ್ಟ್ ಬೇಯ ಆಫೀಸಿನಲ್ಲಿ ತಾರಾನಾಥನ ಮ್ಯಾನೇಜರೂ ಅವನೇ. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಇವರನ್ನು ಊರಿನವರ ನಾಲ್ಕು ಮನೆಗೆ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದವನು.

"ಮಗಾ, ಆ ಒಂದು ಶಬ್ದ ತೆಗಿ," ಎಂದ ಯಜ್ಞೇಶ್, ನಗು ತಡೆದುಕೊಂಡು. "ವಸಾಹತು ಅಂತ ಹೇಳು. ವಸಾಹತಿನ ಜನ."

"ಯಾಕೆ ಅಂಕಲ್? ಬುಕ್ಕಲ್ಲಿ ಕಾಲೊನಿ ಅಂತಲೇ ಉಂಟು."

"ಬುಕ್ಕಲ್ಲಿ ಇರಬಹುದು. ನಮ್ಮ ಊರಲ್ಲಿ ಕಾಲೊನಿಯವರು ಅಂದ್ರೆ ಬೇರೆ ಜನ ಮಾರಾಯ್ತಿ. ಕಾಲೊನಿಯವರು ರಾಜನಿಗೆ ಎದುರು ಮಾತಾಡಿದ್ರು ಅಂತ ನೀನು ಸ್ಟೇಜಲ್ಲಿ ಹೇಳಿದ್ರೆ ಎಲ್ಲರೂ ನಗ್ತಾರೆ."

"ಬೇರೆ ಜನ ಅಂದ್ರೆ ಯಾರು?"

"ಅದೆಲ್ಲ ನಿನಗೆ ಎಂತಕ್ಕೆ? ನಿನ್ನ ಅಪ್ಪನಿಗೆ ಗೊತ್ತುಂಟು. ಅಲ್ವಾ ತಾರಾನಾಥರೇ?"

ತಾರಾನಾಥನಿಗೆ ಗೊತ್ತಿಲ್ಲದೆ ಉಂಟೇ. ಊರ ಹೊರಗೆ ಸರ್ಕಾರ ಸಾಲಾಗಿ ಮನೆ ಕಟ್ಟಿಸಿಕೊಟ್ಟ ದಲಿತರ ಕಾಲೊನಿಯಲ್ಲೇ ಅವನು ಹುಟ್ಟಿದ್ದು. ಅಪ್ಪಿಯದೂ ಅಂಥದ್ದೇ ಇನ್ನೊಂದು ಕಾಲೊನಿ. "ಕಾಲೊನಿಯವರು ಹಿಂದೆ ಕೂತ್ಕೊಳ್ಳಿ" ಎಂದು ಮೇಷ್ಟ್ರು ಹೇಳಿದ ದಿನದಿಂದ ಆ ಶಬ್ದ ಅವನಿಗೆ ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳು. ನುಂಗಲಿಕ್ಕೂ ಆಗದು, ಉಗುಳಲಿಕ್ಕೂ ಆಗದು. ದೋಹಾಕ್ಕೆ ಬಂದ ಮೇಲೆ ನಿಮ್ಮ ಕುಲದ ಬರಿ ಯಾವುದು, ಯಾವ ಮನೆತನ ಎಂದು ಊರಿನವರು ಕೇಳಿದಾಗಲೆಲ್ಲ ನಕ್ಕು ಮಾತು ತಿರುಗಿಸಿದ್ದ. ಮಗಳಿಗೂ ಹೇಳಿರಲಿಲ್ಲ, ಆ ಹೊರೆ ಅವಳ ತಲೆಗೆ ಬೇಡ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಈಗಲೂ ಹೌದು ಎಂದು ನಕ್ಕುಬಿಟ್ಟರೆ ಮುಗಿಯಿತು, ಎಲ್ಲ ಮೊದಲಿನ ಹಾಗೆಯೇ. ಆದರೆ ಮಗಳು ಅವನ ಮುಖವನ್ನೇ ನೋಡುತ್ತಿದ್ದಳು. ಇವತ್ತು ಅಪ್ಪ ನಕ್ಕರೆ ನಾಳೆ ಅವಳೂ ಆ ಶಬ್ದಕ್ಕೆ ನಗಲು ಕಲಿಯುತ್ತಾಳೆ.

"ರಾಜನಿಗೆ ಅವರು ಒಮ್ಮೆಗೇ ಹಾಗೆ ಹೇಳಿದ್ದಾ ಮಗಾ?" ಎಂದು ಕೇಳಿದ, ನಗದೆ.

"ಇಲ್ಲಪ್ಪ. ಮೊದಲು ಅವರಿಗೆ ಬೇರೆ ಆಗ್ಲಿಕ್ಕೆ ಮನಸ್ಸೇ ಇರ್ಲಿಲ್ಲ. ರಾಜನ ಕಡೆಯವರು ಇವರನ್ನು ಕೇಳದೆ ಕಾಗದಕ್ಕೆ ಟ್ಯಾಕ್ಸ್ ಹಾಕಿದ್ರು, ಚಹಾಕ್ಕೆ ಹಾಕಿದ್ರು. ನಾವೂ ನಿಮ್ಮವರೇ, ನಮ್ಮ ಮಾತು ಕೇಳಿ ಅಂತ ಇವರು ಬರೆದ್ರು. ಎಷ್ಟು ಬರೆದ್ರೂ ಕೇಳ್ಲಿಲ್ಲ. ಕಡೆಗೆ ಬರೆದದ್ದನ್ನು ರಾಜ ಮುಟ್ಲೂ ಇಲ್ಲ."

"ಮುಟ್ಲಿಲ್ವಾ?"

"ಇಲ್ಲ. ಇನ್ನೂ ಸೈನ್ಯ ಕಳಿಸಿದ. ಆಮೇಲೆ ಇವರು, ಎಲ್ಲ ಮನುಷ್ಯರೂ ಸಮಾನರು, ಇನ್ನು ನಾವು ನಿನ್ನ ಕೈಕೆಳಗಿನವರಲ್ಲ ಅಂತ ಬರೆದು ಕೆಳಗೆ ಒಬ್ಬೊಬ್ಬರೇ ಹೆಸರು ಹಾಕಿದ್ರು. ಸಿಕ್ಕಿಬಿದ್ರೆ ನೇಣು ಅಂತ ಗೊತ್ತಿತ್ತು."

"ಗೊತ್ತಿದ್ದೂ ಹೆಸರು ಯಾಕೆ ಹಾಕಿದ್ರು?"

"ಮತ್ತೆ ಯಾರು ಹೇಳಿದ್ದು ಅಂತ ಗೊತ್ತಾಗ್ಬೇಡ್ವಾ ಅಪ್ಪ?"

ತಾರಾನಾಥ ಹೆಂಡತಿಯ ಕಡೆ ನೋಡಿದ. ಬೇಡ ಎಂದಿತು ಅವಳ ಕಣ್ಣು. ಇಲ್ಲಿ ವಾರದ ಕೆಲಸ ಶುರುವಾಗುವ ಭಾನುವಾರ ಆಫೀಸಿನಲ್ಲಿ ಇದೇ ಯಜ್ಞೇಶನ ಎದುರು ನಿಲ್ಲಬೇಕು. ಹಬ್ಬಕ್ಕೆ ಕರೆಯುವವರು ಇನ್ನು ಕರೆಯುತ್ತಾರೋ ಇಲ್ಲವೋ. ಇದನ್ನೆಲ್ಲ ಅವನೂ ಎಣಿಸಿದ್ದ. ಅಷ್ಟರಲ್ಲಿ ಅಪ್ಪಿ ಅದೇನು ಅಂದುಕೊಂಡಳೋ, ಬಾಗಿಲು ಬಿಟ್ಟು ಬಂದು ಮಗಳ ಪಕ್ಕದಲ್ಲಿ ನಿಂತಳು.

"ಯಜ್ಞೇಶಣ್ಣ, ಬೇರೆ ಜನ ಅಂದ್ರಲ್ಲ, ಅದು ನಾವೇ," ಎಂದ ತಾರಾನಾಥ. "ನಾನು ಕಾಲೊನಿಯವನು. ಅಪ್ಪಿಯೂ ಅಷ್ಟೇ. ಇಷ್ಟು ವರ್ಷ ನಿಮ್ಮ ಹತ್ರ ಹೇಳ್ಲಿಲ್ಲ. ಇವಳ ಹತ್ರವೂ ಹೇಳ್ಲಿಲ್ಲ."

ಯಜ್ಞೇಶ್ ತಡವರಿಸಿದ. "ನಾನು ಹಾಗೆ ಯೋಚಿಸಿ ಹೇಳಿದ್ದಲ್ಲ ಮಾರಾಯ್ರೆ. ನಿಮ್ಮನ್ನು ನೋಡಿದ್ರೆ ಹಾಗೆ ಅನ್ನಿಸುವುದೇ ಇಲ್ಲ," ಎಂದುಬಿಟ್ಟ. ಆಡಿದ ಮೇಲೆ ಆ ಮಾತಿನ ಕಹಿ ಅವನ ನಾಲಿಗೆಗೇ ತಾಗಿರಬೇಕು, ತಲೆ ತಗ್ಗಿಸಿ ಕೂತ. ಸಮಾಧಾನ ಮಾಡಲು ಯಾರೂ ಹೋಗಲಿಲ್ಲ.

ನಿಶ್ಮಿತಾ ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು. "ಹಾಗಾದ್ರೆ ನಾನೂ ಕಾಲೊನಿಯವಳಾ?"

"ಹೌದು ಮಗಾ," ಎಂದ ತಾರಾನಾಥ.

ಹುಡುಗಿ ಅಮ್ಮನಿಗೆ ಇನ್ನೂ ಹತ್ತಿರ ಸರಿದಳು. ಆಮೇಲೆ ಯಜ್ಞೇಶನ ಕಡೆ ತಿರುಗಿ ಮೆಲ್ಲಗೆ ಹೇಳಿದಳು:

"ಆ ಶಬ್ದ ಅಲ್ಲೇ ಇರಲಿ ಅಂಕಲ್. ಯಾರು ನಗ್ತಾರೆ ಅಂತ ನೋಡುವ."