ಪರ್ಸೋಂ

ಗಂಗುಬಾಯಿಯ ಮಾಸ್ಕಿಗೆ ಆಕ್ಸಿಜನ್ ಬರುತ್ತಿರಲಿಲ್ಲ. ಔರಾದದ ಆ ನರ್ಸಿಂಗ್ ಹೋಮಿನ ಮ್ಯಾನೇಜರ್ ಗೌರವ ಹೊಸ ಪೈಪ್‌ಲೈನಿನ ವಾಲ್ವನ್ನು ತಿರುವುತ್ತಲೇ ಇದ್ದ. ಹಳೆಯ ಸಿಲಿಂಡರುಗಳನ್ನೆಲ್ಲ ಬೆಳಿಗ್ಗೆ ಅವನೇ ಬೀದರಿಗೆ ವಾಪಸ್ ಕಳಿಸಿದ್ದ. ತಿಂಗಳುಗಟ್ಟಲೆ ಮೀಟಿಂಗ್ ಮಾಡಿದ್ದರು; ಪೈಪಿನ ಬಣ್ಣ, ಉದ್ಘಾಟನೆಗೆ ಹಂಚುವ ಪೇಡಾ ಕೂಡ ಠರಾವಾಗಿತ್ತು.

"ನಿನ್ನೆ ಲೈನ್ ಚೆಕ್ಕಿಂಗ್ ಯಾವಾಗ ಅಂತ ಕೇಳಿದ್ರ ಪರ್ಸೋಂ ಅಂದಿದ್ದೆಲ್ಲೋ!" ಎಂದು ಫೋನಿನಲ್ಲಿ ಪೈಪ್ ಹಾಕಿದ ಮಿಸ್ತ್ರಿ ದಿಲೀಪನ ಮೇಲೆ ಕಿರುಚಿದ.

"ಹೌದ್ರಿ ಸಾಹೇಬ್ರ, ಪರ್ಸೋಂ. ನಾಡಿದ್ದ ಬರ್ತೇನಿ ಅಂದಿದ್ದೆನ್ರಿ."

ಚೆಕ್ಕಿಂಗ್ ಮೊನ್ನೆಯೇ ಮುಗಿಯಿತೆಂದು ಗೌರವ ತಿಳಿದಿದ್ದ. ಹಿಂದಿನ ಮೊನ್ನೆಗೂ ಮುಂದಿನ ನಾಡಿದ್ದಿಗೂ ಊರಿನ ಹಿಂದಿಯಲ್ಲಿ ಪರ್ಸೋಂ ಅನ್ನುವುದೊಂದೇ ಮಾತು. ಯಾವುದು ಎಂದು ಅವನು ತಿರುಗಿ ಕೇಳಿರಲಿಲ್ಲ. ಅವನ ಕೈ ಇನ್ನೂ ವಾಲ್ವನ್ನು ತಿರುವುತ್ತಿತ್ತು.

ನರ್ಸ್ ಸುಜಾತಾ ಬಂದು ಆ ಬೆರಳುಗಳನ್ನು ಮೆಲ್ಲಗೆ ಬಿಡಿಸಿದಳು.

"ಸಾಕ್ ಬಿಡ್ರಿ ಸರ್. ಇನ್ನ ಆಕ್ಸಿಜನ್ ಬಂದ್ರೂ ಗಂಗುಬಾಯಿಗೆ ಬ್ಯಾಡಾಗ್ಯದ."