ಕಿವಿಯೊಳಗಿನ ಟೀಚರ್

ಬಿ.ಎಡ್. ವಿದ್ಯಾರ್ಥಿನಿ ಮಂಗಳಗೌರಿಯ ಕಿವಿಗೆ, ಪದ್ಧತಿಯಂತೆ, ತೀರಿಹೋದ ಶಿಕ್ಷಕಿ ರೋಹಿಣಮ್ಮನವರ ದನಿಯನ್ನು ಮಾರ್ಗದರ್ಶನಕ್ಕೆಂದು ಕೊಟ್ಟಿದ್ದರು. ಒಂದೂ ತಪ್ಪಿಲ್ಲದೆ ಪಾಠ ಮುಗಿಸಿದ ದಿನ ಅವಳು ಪಾಸು, ರೋಹಿಣಮ್ಮ ಟೀಚರಿಗೆ ಬಿಡುಗಡೆ.

“ಹಿಂದಿನ ಎರಡು ಸಲ ಈ ಪಾಠ ಮಾಡಿದಾಗಲೂ ನೀನು ಮನುಷ್ಯನ ಹೃದಯಕ್ಕೆ ಮೂರೇ ಕೋಣೆ ಅಂತ ಬೇಕಂತಲೇ ಬರೆದೆ ಕಣೇ,” ಎಂದು ಪಾಠ ವೀಕ್ಷಣೆಗೆ ಬಂದ ಸಹಪಾಠಿ ಜಬೀನಾ ಗದರಿದಳು. “ಅವರು ಹೋಗಿಬಿಡ್ತಾರೆ ಅಂತ ತಾನೆ? ಪಾಪ, ಸತ್ತಮೇಲೂ ಡ್ಯೂಟಿ!”

ಮಂಗಳಗೌರಿ ತರಗತಿಗೆ ಹೋದಳು. ಪಾಠದ ಕೊನೆಯ ಸಾಲಿಗೆ ಸೀಮೆಸುಣ್ಣ ಎತ್ತಿದಾಗ ಕಿವಿಯಲ್ಲಿ ದನಿ ನಡುಗಿತು.

“ನಾಲ್ಕು ಅಂತ ಬರಿಯಮ್ಮ. ಸಾಕಾಗಿದೆ ನಂಗೆ.”

ಅವಳು ನಾಲ್ಕು ಎಂದು ಬರೆದಳು. “ಸರಿನಾ ಟೀಚರ್?” ಎಂದು ತನಗರಿವಿಲ್ಲದೆಯೇ ಕೇಳಿಬಿಟ್ಟಳು.

ಕಿವಿ ಖಾಲಿಯಾಗಿತ್ತು. “ಸರಿ ಟೀಚರ್!” ಎಂದು ಕೂಗಿದ್ದು ಮಕ್ಕಳು.